ಮಾಯದ ಮಚ್ಚೆಗೆ ಮತ್ತೊಮ್ಮೆ ಬಯಾಪ್ಸಿ

ಮಾನ್ಯರೇ,

ಕಾಸರಗೋಡಿನ ಸೆಕೆಯಲ್ಲಿ ಮೈಮೇಲೆ ಮಚ್ಚೆ ಎದ್ದರೆ ಹುಳುಕಡ್ಡಿ ಎನ್ನುತ್ತೇವೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಸೊಂಟ, ಪೃಷ್ಠ, ತೊಡೆಯಂಥ ಬಿಸಿಲು ಬೀಳದ ಜಾಗದ ಮಚ್ಚೆ ತಿಂಗಳುಗಟ್ಟಲೆ ಮಾಯದಿದ್ದರೆ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಟಿ-ಕೋಶ ಲಿಂಫೋಮಾವನ್ನೂ (ಒಂದು ಬಗೆಯ ಬಿಳಿ ರಕ್ತಕಣದ ಕ್ಯಾನ್ಸರ್) ನೆನೆಯಬೇಕು. ಅಪರೂಪದ್ದೇ: ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 10 ಲಕ್ಷದಲ್ಲಿ ಸುಮಾರು 6 ಮಂದಿಗೆ. ನಮ್ಮಂಥ ಕಂದು ಮೈಯವರಲ್ಲಿ, ಮಕ್ಕಳಲ್ಲೂ, ಬಿಳಿ ಮಚ್ಚೆಯಾಗಿ ಬಂದು ತೊನ್ನು, ಕುಷ್ಠ ಎನಿಸಿಕೊಳ್ಳುವುದುಂಟು.

ಎಡವುವುದು ಬಯಾಪ್ಸಿಯಲ್ಲಿ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು (ಇದನ್ನು ಹಚ್ಚದವರೇ ವಿರಳ) ರೋಗದ ಕೋಶಗಳನ್ನು ತಗ್ಗಿಸಿ, ವರದಿಯಲ್ಲಿ ಬರೀ ಎಕ್ಸಿಮಾ ಬರುವಂತೆ ಮಾಡುತ್ತದೆ. ವೈದ್ಯರನ್ನು ಕೇಳಿ 2ರಿಂದ 4 ವಾರ ಮುಲಾಮು ನಿಲ್ಲಿಸಿ, ಬೇರೆಬೇರೆ ಮಚ್ಚೆಗಳಿಂದ ಎರಡು ಮೂರು ಚೂರು ತೆಗೆಸಬೇಕು. ಟಿ-ಕೋಶಗಳ ಗುರುತು ಪ್ರೋಟೀನುಗಳಾದ ಸಿಡಿ3, ಸಿಡಿ4, ಸಿಡಿ7, ಸಿಡಿ8 ನೋಡುವ ಬಣ್ಣಪರೀಕ್ಷೆ ಆಗಲಿ. ಸಿಡಿ7 ಕಾಣದಿರುವುದು ಸುಳಿವಷ್ಟೇ, ಪುರಾವೆಯಲ್ಲ. ಸಂಶಯ ಉಳಿದರೆ, ಆ ಕೋಶಗಳೆಲ್ಲ ಒಂದೇ ಕೋಶದಿಂದ ಹುಟ್ಟಿದವೇ ಎಂದು ನೋಡುವ ಟಿ-ಕೋಶ ರಿಸೆಪ್ಟರ್ ಜೀನ್ ಪರೀಕ್ಷೆ.

ಇಲ್ಲಿನವರು ಬಯಾಪ್ಸಿಗೆ ಮಂಗಳೂರು, ಚಿಕಿತ್ಸೆಗೆ ತಲಶ್ಶೇರಿ ಎಂದು ಓಡಾಡುವವರು. ವರದಿಯ ಕಾಗದ ಸಾಲದು, ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಚರ್ಮದ ಚೂರು) ಕೇಳಿ ಪಡೆದುಕೊಳ್ಳಿ. ಹಳೆಯ ಬ್ಲಾಕಿನಲ್ಲೂ ಈ ಪರೀಕ್ಷೆಗಳು ಸಾಧ್ಯ.

– ಚರ್ಮರೋಗ ವೈದ್ಯರು, ಕುಂಬಳೆ