ಏಳನೇ ಕಂತು ಬರೆಯಲು ಹೊರಟವಳಿಗೆ

ಪುಟ್ಟೀ,

ನಿನ್ನೆ ರಾತ್ರಿಯ ಮಾತು ಅರ್ಧಕ್ಕೇ ನಿಂತಿತು. ಬಾಗಿಲು ಅಷ್ಟು ಜೋರಾಗಿ ಬಡಿದುಕೊಂಡಿದ್ದು ಗಾಳಿಗೋ ನಿನ್ನ ಕೈಗೋ ಅನ್ನುವ ವಿಚಾರಣೆ ಈಗ ಬೇಡ. ಬೆಳಗಾದರೆ ಹೊರಡುತ್ತೀಯ. ಎದುರುಬದುರು ಕೂತರೆ ಇಬ್ಬರೂ ಮತ್ತೆ ಅಲ್ಲಿಂದಲೇ ಶುರು ಮಾಡುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟಿರುತ್ತೇನೆ, ದಾರಿಯಲ್ಲಿ ಓದಿಕೋ.

ನಿನ್ನ ವಾದ ನನಗೆ ಅರ್ಥವಾಗಿದೆ. ಅಮೆರಿಕದ ಧಾರಾವಾಹಿ ‘ಟ್ವಿನ್ ಪೀಕ್ಸ್’ ಎರಡನೇ ಸೀಸನ್ನಿನ ಏಳನೇ ಕಂತಿನಲ್ಲಿ ಕೊಲೆಗಾರನನ್ನು ತೋರಿಸಿ ತನ್ನ ಕುತ್ತಿಗೆ ತಾನೇ ಕೊಯ್ದುಕೊಂಡಿತು, ಹಾಗಾಗಿ ನಿಮ್ಮ ಎಂಟು ಕಂತಿನ ಧಾರಾವಾಹಿಯಲ್ಲಿ ನಿನ್ನ ಪಾಲಿಗೆ ಬಂದ ಏಳನೆಯದರಲ್ಲಿ ಏನನ್ನೂ ಬಿಟ್ಟುಕೊಡದೆ ಎಲ್ಲವನ್ನೂ ಎಂಟನೆಯದರ ಕೊನೆಯ ಐದು ನಿಮಿಷಕ್ಕೆ ತಳ್ಳಬೇಕು. ಇಷ್ಟು ತಾನೇ? ನಿನ್ನೆಯೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ದನಿ ಏರಿಸುವ ಅಗತ್ಯ ಇರಲಿಲ್ಲ, ಅಷ್ಟು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಲೆಕ್ಕ ಸರಿಯಾಗಿ ನೋಡು. ಅದರಲ್ಲಿ ಕೊಲೆಯಾದ ಹುಡುಗಿ ಲಾರಾ ಪಾಮರ್ ಹೆಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ದಡದಲ್ಲಿ ಸಿಕ್ಕಿದ್ದು 1990ರ ಏಪ್ರಿಲ್ 8ರಂದು, ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ. ಕೊಂದವನ ಮುಖ ಕಂಡಿದ್ದು ಅದೇ ವರ್ಷ ನವೆಂಬರ್ 10ರಂದು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್‌ಗೆ ಆ ಮುಖ ತೋರಿಸುವ ಮನಸ್ಸೇ ಇರಲಿಲ್ಲ, ಚಾನೆಲ್ಲಿನವರು ಪಟ್ಟು ಹಿಡಿದರು. ಡಿಸೆಂಬರ್ 1ರ ಕಂತಿನಲ್ಲಿ ಆ ಕೊಲೆಗಾರ, ಲಾರಾಳ ಅಪ್ಪ ಲೀಲ್ಯಾಂಡ್, ಸಿಕ್ಕಿಬಿದ್ದು ಸತ್ತ. ಅದು ಸೀಸನ್ನಿನ ಒಂಬತ್ತನೆಯದು, ಒಟ್ಟು ಇದ್ದಿದ್ದು 22. ಇನ್ನುಳಿದ ಹದಿಮೂರಕ್ಕೆ ಅಷ್ಟೇ ತೂಕದ ಇನ್ನೊಂದು ಪ್ರಶ್ನೆ ಬರೆಯುವವರ ಕೈಯಲ್ಲಿ ಸಿದ್ಧವಿರಲಿಲ್ಲ. ಮೇಲಿಂದ ಶನಿವಾರ ರಾತ್ರಿಯ ಪ್ರಸಾರ, ಮನೆಯಲ್ಲಿ ಯಾರೂ ಇರದ ಹೊತ್ತು. 1991ರ ಜೂನ್ 10ಕ್ಕೆ ಅಂಗಡಿ ಮುಚ್ಚಿತು. ಧಾರಾವಾಹಿ ಸತ್ತಿದ್ದು ಆ ಹದಿಮೂರರಲ್ಲಿ ಕಣೇ. ಏಳನೆಯದರ ಮೇಲೆ ಯಾಕೆ ಗೂಬೆ ಕೂರಿಸುತ್ತೀಯ?

ಆ ಏಳನೆಯದನ್ನು ಇನ್ನೊಮ್ಮೆ ನೋಡು. ನೂರು ಸಲ ಹೇಳಿದ್ದೀಯಮ್ಮಾ ಅನ್ನುತ್ತೀಯ, ಅನ್ನು. ಬೆಳಗಿನ ದೃಶ್ಯದಿಂದ ಶುರು ಮಾಡು, ಎಲ್ಲರೂ ನೇರ ರಾತ್ರಿಯ ದೃಶ್ಯಕ್ಕೆ ಓಡುತ್ತಾರೆ. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡು ಹಾಕಿರುತ್ತದೆ. ಕ್ಯಾಮೆರಾ ಲಾರಾಳ ಫೋಟೋಗಳ ಮೇಲೆ ನಿಧಾನವಾಗಿ ಸರಿದು ಕೊನೆಗೆ ಲೀಲ್ಯಾಂಡ್, ಅವನ ಹೆಂಡತಿ ಸಾರಾ, ಲಾರಾಳ ಕಸಿನ್ ಮ್ಯಾಡಿ ಮೂವರ ಹತ್ತಿರ ಬರುತ್ತದೆ. ತಾನಿನ್ನು ತನ್ನ ಊರು ಮಿಸೂಲಾಗೆ ಹೊರಡುತ್ತೇನೆ, ಬಂದು ಬಹಳ ದಿನವಾಯಿತು ಅನ್ನುತ್ತಾಳೆ ಮ್ಯಾಡಿ. ದೊಡ್ಡವರಿಬ್ಬರೂ ಎಷ್ಟು ಚೆನ್ನಾಗಿ ಒಪ್ಪಿಕೊಳ್ಳುತ್ತಾರೆ ಗೊತ್ತಾ? ಯಾರೂ ದನಿ ಏರಿಸುವುದಿಲ್ಲ, ಯಾರೂ ತಡೆಯುವುದಿಲ್ಲ. ಆ ದೃಶ್ಯದಲ್ಲಿ ಭಯಪಡಿಸುವಂಥದ್ದು ಒಂದೂ ಇಲ್ಲ.

ರಾತ್ರಿ ಅದೇ ಕೋಣೆ. ರೆಕಾರ್ಡ್ ಮುಗಿದುಹೋಗಿ ಮುಳ್ಳು ಸುಮ್ಮನೆ ಸುತ್ತುತ್ತಿದೆ, ಕಟ್ ಕಟ್ ಅನ್ನುವ ಅದೊಂದೇ ಸದ್ದು. ಸಾರಾ ಮೆಟ್ಟಿಲ ಮೇಲಿಂದ ತೆವಳಿಕೊಂಡು ಇಳಿಯುತ್ತಾಳೆ, ಬಿಳಿ ಕುದುರೆ ಕಂಡು ಮೂರ್ಛೆ ಹೋಗುತ್ತಾಳೆ. ಲೀಲ್ಯಾಂಡ್ ಮಾತ್ರ ಕನ್ನಡಿಯ ಮುಂದೆ ನಿಂತು ಟೈ ಸರಿಮಾಡಿಕೊಳ್ಳುತ್ತಿದ್ದಾನೆ. ಕನ್ನಡಿಯಲ್ಲಿರುವುದು ಅವನೊಳಗೆ ಸೇರಿಕೊಂಡಿರುವ ದುಷ್ಟಶಕ್ತಿ ಬಾಬ್. ಆಮೇಲೆ ಕೈಗವಸು. ಏನೋ ಸುಟ್ಟ ವಾಸನೆ ಅನ್ನುತ್ತಾ ಮ್ಯಾಡಿ ಕೆಳಗಿಳಿಯುತ್ತಾಳೆ. ಬಾಬ್ ಇರುವ ಶಾಟ್‌ಗಳು ಕಣ್ಣು ಕುಕ್ಕುವ ಬೆಳಕಿನಲ್ಲಿ, ಸ್ಲೋ ಮೋಷನ್ನಿನಲ್ಲಿ. ಲೀಲ್ಯಾಂಡ್ ಇರುವ ಶಾಟ್‌ಗಳು ಮಾಮೂಲಿ ವೇಗದಲ್ಲಿ. ಕೊನೆಗೆ, ನೀನು ಮಿಸೂಲಾಗೆ ವಾಪಸ್ ಹೋಗುತ್ತಿದ್ದೀಯ ಎಂದು ಅರಚುತ್ತಾ ಅವಳ ಮುಖವನ್ನು ಗೋಡೆಯ ಚಿತ್ರಕ್ಕೆ ಅಪ್ಪಳಿಸುತ್ತಾನೆ. ಬೆಳಿಗ್ಗೆ ಅಷ್ಟು ಮೆತ್ತಗೆ ಒಪ್ಪಿಕೊಂಡ ಅದೇ ಮಾತು. ಉಗುರಿನ ಕೆಳಗೆ ‘ಓ’ ಅಕ್ಷರ ತುರುಕುತ್ತಾನೆ. ಲಾರಾಳ ಉಗುರಿನಲ್ಲಿ ‘ಆರ್’ ಇತ್ತಲ್ಲ, ಆ ಸಾಲಿನ ಮುಂದಿನದು.

ಇದರಲ್ಲಿ ಕೊಲೆಗಾರ ಯಾರು ಅನ್ನುವುದಕ್ಕಿಂತ, ನಾವು ನಂಬಿದ್ದು ಎಂಥ ಮನೆಯನ್ನು ಅನ್ನುವುದು ಮೊದಲು ತಾಕುತ್ತದೆ. ಮೊದಲ ಸೀಸನ್ನಿನ ಮೂರನೇ ಕಂತು ನೆನಪಿಸಿಕೋ. ಲೀಲ್ಯಾಂಡ್ ಲಾರಾಳ ಫೋಟೋ ಹಿಡಿದು ಕುಣಿಯುತ್ತಾನೆ, ಗಾಜು ಒಡೆದು ಕೈಯ ರಕ್ತ ಅವಳ ಮುಖದ ಮೇಲೆ ಬೀಳುತ್ತದೆ. ಆಗ ಎಲ್ಲರೂ ಅಯ್ಯೋ ಪಾಪ ಅಂದೆವು. ಎರಡನೇ ಸೀಸನ್ನಿನ ಶುರುವಿನಲ್ಲಿ ಅವನ ಕೂದಲು ಒಂದೇ ರಾತ್ರಿಗೆ ಬೆಳ್ಳಗಾದಾಗಲೂ ಅಯ್ಯೋ ಪಾಪ ಅಂದೆವು. ಚೌಕಟ್ಟು, ಗಾಜು, ರಕ್ತ ಎಲ್ಲ ಕಣ್ಣೆದುರೇ ಇತ್ತು, ದುಃಖದ ಲೆಕ್ಕಕ್ಕೆ ಬರೆದುಕೊಂಡು ಮುಂದೆ ಹೋದೆವು. ಸುಳಿವು ಇಡುವುದು ಅಂದರೆ ಹೀಗೆ: ಇಟ್ಟ ಹೊತ್ತಿಗೆ ಅದಕ್ಕೆ ಬೇರೆ ಕೆಲಸ ಇರಬೇಕು.

ಇನ್ನೂ ಒಂದು. ಆ ಕೊಲೆ ನಡೆಯುವ ಹೊತ್ತಿಗೆ ಪೊಲೀಸರು ಊರಿನ ಹೋಟೆಲ್ ಮಾಲೀಕ ಬೆನ್ ಹಾರ್ನ್‌ನನ್ನು ಹಿಡಿದಾಗಿದೆ. ತಪ್ಪು ಮನುಷ್ಯ ಒಳಗಿದ್ದಾನೆ, ಪತ್ತೇದಾರ ಕೂಪರ್ ರೋಡ್‌ಹೌಸ್ ಅನ್ನುವ ಬಾರಿನಲ್ಲಿ ಹಾಡು ಕೇಳುತ್ತಾ ಕೂತಿದ್ದಾನೆ. ವೇದಿಕೆಯ ಮೇಲೆ ದೈತ್ಯ ಕಾಣಿಸಿಕೊಂಡು ಅದು ಮತ್ತೆ ನಡೆಯುತ್ತಿದೆ ಅನ್ನುತ್ತಾನೆ. ಲಾರಾಳ ಗೆಳತಿ ಡೊನಾ ಯಾಕೆಂದು ಗೊತ್ತಿಲ್ಲದೆ ಅಳುತ್ತಾಳೆ. ಪತ್ತೇದಾರನಿಗೆ ಏನೂ ತಿಳಿಯಲಿಲ್ಲ, ನಮಗೆ ಎಲ್ಲ ತಿಳಿಯಿತು. ಮುಂದಿನ ಕಂತಿನಲ್ಲಿ ಲೀಲ್ಯಾಂಡ್ ಹಾಡಿಕೊಂಡು ಕಾರು ಓಡಿಸುತ್ತಾನೆ, ಕೂಪರ್‌ಗೆ ಹೊಸ ಗಾಲ್ಫ್ ಕೋಲು ತೋರಿಸಲು ಹೊರಡುತ್ತಾನೆ, ಡಿಕ್ಕಿಯಲ್ಲಿ ಹೆಣ. ಮುಖ ತೋರಿಸಿದ ಮೇಲೂ ಕುರ್ಚಿಯ ತುದಿಯಲ್ಲಿ ಕೂರಿಸಿದರೋ ಇಲ್ಲವೋ?

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಉಪದೇಶ ಮಾಡಬಾರದು ಅಂತಲೇ ಕೂತೆ, ಆದರೆ ಹೇಳದೆ ಇರಲಾರೆ.

ರೈಟರ್ಸ್ ರೂಮಿನ ಗೋಡೆಗೆ ಎಲ್ಲರೂ ಮೊದಲು ಕಂತುಗಳ ಕಾರ್ಡ್ ಅಂಟಿಸುತ್ತಾರೆ. ನೀನು ಕೊಲೆಯಾದ ದಿನದ ವೇಳಾಪಟ್ಟಿ ಕೇಳು, ಅರ್ಧ ಗಂಟೆಗೊಂದು ಸಾಲು. ಪ್ರತಿ ಶಂಕಿತನಿಗೂ ಮೂರು ಮನೆ: ನಿಜವಾಗಿ ಎಲ್ಲಿದ್ದ, ಎಲ್ಲಿದ್ದೆ ಅಂತ ಹೇಳಿದ, ಯಾಕೆ ಸುಳ್ಳು ಹೇಳಿದ. ಆ ಮೂರನೇ ಮನೆಯಲ್ಲಿ ಕೊಲೆಗೆ ಸಂಬಂಧವೇ ಇಲ್ಲದ ಕಾರಣ ಇರಬೇಕು: ಸಾಲ, ಕದ್ದುಮುಚ್ಚಿ ನಡೆದ ಪ್ರೀತಿ, ಹೋಗಬಾರದ ಆಸ್ಪತ್ರೆ. ಅದು ಖಾಲಿ ಇದ್ದರೆ ಆ ಶಂಕಿತ ಬರೀ ಜಾಗ ತುಂಬಿಸಲು ಬಂದವನು, ನೋಡುವವರು ಎರಡೇ ಕಂತಿನಲ್ಲಿ ಮೂಸಿಬಿಡುತ್ತಾರೆ.

ಮುಖ್ಯವಾದ ಸುಳಿವು ಮೂರು ಸಲ ಬರಲಿ. ಮೊದಲ ಸಲ ತಮಾಷೆಯಾಗಿಯೋ ಸ್ವಭಾವವಾಗಿಯೋ, ಎರಡನೇ ಸಲ ಬೇರೆ ದೊಡ್ಡ ಜಗಳದ ನಡುವೆ ಮೂಲೆಯಲ್ಲಿ, ಮೂರನೇ ಸಲ ಪತ್ತೇದಾರಳ ಕೈಯಲ್ಲಿ. ಎರಡನೆಯದಕ್ಕೆ ಕ್ಲೋಸಪ್ ಬರೆಯಬೇಡ. ನೀನು ಬರೆಯದಿದ್ದರೂ ನಿರ್ದೇಶಕರು ತೆಗೆದಿಡುತ್ತಾರೆ, ಎಡಿಟಿಂಗ್‌ನಲ್ಲಿ ಅದು ನುಗ್ಗುತ್ತದೆ, ಅದಕ್ಕೇ ಅಲ್ಲೊಂದು ಸಂಭಾಷಣೆ ಇಡು. ಕೇಳುವವರು ಮಾತಿನ ಹಿಂದೆ ಹೋಗುತ್ತಾರೆ.

ಐದನೇ ಕಂತಿನ ನಂತರ ಹೊಸ ಮುಖ ಬೇಡ. ‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್ನಿನಲ್ಲಿ, 2014ರಲ್ಲಿ, ಕೊನೆಗೆ ಕೊಲೆಗಾರನೆಂದು ಗೊತ್ತಾಗುವ ಹುಲ್ಲು ಕತ್ತರಿಸುವವನು ಮೂರನೇ ಕಂತಿನಲ್ಲೇ ಬಂದು ಹೋಗಿದ್ದ. ಏಳನೆಯದರ ಕೊನೆಯಲ್ಲಿ ಪೊಲೀಸರಿಬ್ಬರು ದಾರಿ ಕೇಳುವುದೂ ಅವನನ್ನೇ. ಅವರು ಕಾರು ಹತ್ತಿ ಹೊರಟುಹೋಗುತ್ತಾರೆ, ನಾವು ಅವನ ಜೊತೆ ಉಳಿಯುತ್ತೇವೆ. ಅಲ್ಲೂ ಏಳನೆಯದೇ, ಅಲ್ಲೂ ಎಂಟೇ ಕಂತು. ನಿನ್ನೆ ಇದನ್ನು ಹೇಳಲು ಬಿಡಲಿಲ್ಲ ನೀನು.

ನಿನ್ನದು ನಲವತ್ತೈದು ನಿಮಿಷದ ಕಂತು, ಪುಟಕ್ಕೆ ನಿಮಿಷದ ಲೆಕ್ಕದಲ್ಲಿ ನಲವತ್ತೈದು ಪುಟ. ಮುಖ ಮೂವತ್ತು–ಮೂವತ್ತೈದನೇ ಪುಟದಲ್ಲಿ ಕಾಣಲಿ. ಉಳಿದ ಹತ್ತು–ಹದಿನೈದು ಪುಟ ಅದು ಗೊತ್ತಿಲ್ಲದವರ ಪಕ್ಕದಲ್ಲಿ ನಮ್ಮನ್ನು ಕೂರಿಸು. ಎಂಟನೇ ಕಂತು ಹಿಡಿಯುವುದಕ್ಕೆ, ಆಮೇಲೆ ಮನೆಮನೆಯಲ್ಲಿ ಏನೇನು ಒಡೆಯುತ್ತದೆ ಅನ್ನುವುದಕ್ಕೆ. ಬ್ರಿಟನ್ನಿನ ‘ಬ್ರಾಡ್‌ಚರ್ಚ್’ 2013ರಲ್ಲಿ ಕೊನೆಯ ಕಂತಿಗೇ ಉಳಿಸಿಕೊಂಡಿತು ಅಂತ ನೀನು ಅನ್ನಬಹುದು. ನಿಜ, ಆದರೆ ಆ ಕಂತಿನ ಶುರುವಿನಲ್ಲೇ ಹೇಳಿ, ಉಳಿದ ಹೊತ್ತೆಲ್ಲ ಸುದ್ದಿ ಒಬ್ಬೊಬ್ಬರ ಮೇಲೆ ಬೀಳುವುದನ್ನೇ ತೋರಿಸಿತು. ಕೊನೆಯ ಐದು ನಿಮಿಷದಲ್ಲಿ ಹೇಳಿದರೆ ಅಳುವುದಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಮುಂದಿನ ಸೀಸನ್ನಿಗೆ ದಾಟಿಸುವುದು. ಡೆನ್ಮಾರ್ಕಿನ ಮೂಲ ಧಾರಾವಾಹಿ 2007ರಲ್ಲಿ ಇಪ್ಪತ್ತು ಕಂತಿನಲ್ಲಿ ಮುಗಿಸಿದ್ದನ್ನು ಅಮೆರಿಕದ ‘ದಿ ಕಿಲ್ಲಿಂಗ್’ ಎಳೆದು, 2011ರ ಜೂನ್ 19ರಂದು ಉತ್ತರ ಕೊಡದೆ ಪರದೆ ಇಳಿಸಿತು. ನೋಡುತ್ತಿದ್ದವರು ಉರಿದುಬಿದ್ದರು. ಉತ್ತರ ಬಂದಿದ್ದು ಮುಂದಿನ ವರ್ಷದ ಜೂನ್‌ನಲ್ಲಿ.

ತಪ್ಪೊಪ್ಪಿಗೆಯ ಭಾಷಣ, ಅದರ ಮೇಲೆ ಕಪ್ಪುಬಿಳುಪಿನ ಫ್ಲಾಷ್‌ಬ್ಯಾಕ್, ದಯವಿಟ್ಟು ಬೇಡ. ಪತ್ತೇದಾರಳು ತಾನಾಗಿ ಏನೋ ಮಾಡಿ ಕಂಡುಹಿಡಿಯಲಿ: ಬೀಗದ ಕೈ ಹಾಕಿ ನೋಡಲಿ, ಬಿಲ್ಲಿನ ಸಮಯ ತಾಳೆ ಹಾಕಲಿ.

ಬರೆದು ಮುಗಿದ ಮೇಲೂ ಸೋರುವ ಜಾಗಗಳಿವೆ. ‘ಹಿಂದಿನ ಕಂತುಗಳಲ್ಲಿ’ ಅಂತ ಹಾಕುವ ರೀಕ್ಯಾಪ್‌ನಲ್ಲಿ ಎರಡನೇ ಕಂತಿನ ಮರೆತುಹೋದ ಶಾಟ್ ಇಟ್ಟರೆ ಅರ್ಧ ಜನಕ್ಕೆ ಅಲ್ಲೇ ಹೊಳೆಯುತ್ತದೆ, ಅದರ ಜೊತೆ ಬೇರೆ ಇಬ್ಬರು ಶಂಕಿತರ ಶಾಟ್ ಸೇರಿಸಲು ಹೇಳು. ಕತ್ತಲಲ್ಲಿ ಮಾತಾಡುವವನ ಹೆಸರನ್ನು ಸಬ್‌ಟೈಟಲ್ ಬರೆದುಬಿಡುತ್ತದೆ, ಅಲ್ಲಿ ‘ಧ್ವನಿ’ ಅಂತಷ್ಟೇ ಇರಲಿ. ಆ್ಯಪಿನ ಚಿಕ್ಕ ಚಿತ್ರವನ್ನು ಯಾರು ಆರಿಸುತ್ತಾರೆ ಅಂತ ಮೊದಲೇ ವಿಚಾರಿಸಿಕೋ. ಹೆಸರಾಂತ ನಟ ಎರಡು ಸಾಲಿನ ಪಾತ್ರ ಮಾಡಿದರೆ ಎಲ್ಲರ ಬೆರಳೂ ಅವನ ಕಡೆಗೇ. ಲಿಂಚ್ ಮ್ಯಾಡಿಯ ಕೊಲೆಯನ್ನು ಲೀಲ್ಯಾಂಡ್ ಆಗಿದ್ದ ರೇ ವೈಸ್, ಬಾಬ್ ಆಗಿದ್ದ ಫ್ರಾಂಕ್ ಸಿಲ್ವಾ ಇಬ್ಬರ ಜೊತೆ ಬೆನ್ ಹಾರ್ನ್ ಪಾತ್ರದ ರಿಚರ್ಡ್ ಬೇಮರ್ ಇಟ್ಟುಕೊಂಡೂ ಚಿತ್ರೀಕರಿಸಿದ್ದು ಸೆಟ್ಟಿನಿಂದಲೇ ಸುದ್ದಿ ಹೊರಬೀಳದಿರಲಿ ಅಂತ. ಕೊಂದವನ ಪಾತ್ರ ತನ್ನದಾಗದಿರಲಿ ಅಂತಲೇ ರೇ ವೈಸ್‌ಗೆ ಇತ್ತಂತೆ, ಅವರಿಗೂ ಮಗಳಿದ್ದಳು.

ನನ್ನ ನಿಜವಾದ ಭಯ ಬೇರೆ. ನಾಲ್ಕನೇ ಕಂತು ಪ್ರಸಾರವಾಗುತ್ತದೆ, ಯಾರೋ ಒಬ್ಬರು ಸರಿಯಾಗಿ ಊಹಿಸಿ ಬರೆಯುತ್ತಾರೆ. ಚಾನೆಲ್ಲಿನವರು ನಿನ್ನನ್ನು ಕೂರಿಸಿಕೊಂಡು, ಗೊತ್ತಾಗಿಹೋಯಿತು, ಕೊಲೆಗಾರನನ್ನು ಬದಲಿಸಿ ಅನ್ನುತ್ತಾರೆ. ನೀನು ಕಿರಿಯಳು, ಹೊಸಬಳು, ಹೂಂ ಅಂದುಬಿಡುತ್ತೀಯ. ಆಗ ಏನಾಗುತ್ತದೆ ನೋಡು. ಮೊದಲ ಆರು ಕಂತಿನಲ್ಲಿ ಹೊಸ ಕೊಲೆಗಾರನ ನಟ ಒಬ್ಬನೇ ಇದ್ದಾಗ ಹೇಗೆ ಕೂತ, ಯಾರ ಕಣ್ಣು ತಪ್ಪಿಸಿದ ಎಲ್ಲ ಆಗಲೇ ಚಿತ್ರೀಕರಣವಾಗಿರುತ್ತದೆ. ಲೀಲ್ಯಾಂಡ್ ಅತ್ತಿದ್ದು ನಿಜವಾದ ಅಳು, ಯಾಕೆಂದರೆ ತನ್ನೊಳಗಿರುವುದು ಅವನಿಗೇ ಗೊತ್ತಿಲ್ಲ. ಹಾಗಾಗಿ ಎರಡನೇ ಸಲ ನೋಡಿದರೂ ಅದು ಮೋಸ ಅನ್ನಿಸುವುದಿಲ್ಲ. ನಿನ್ನ ಹೊಸ ಕೊಲೆಗಾರ ಎರಡನೇ ಕಂತಿನಲ್ಲಿ ಯಾರೂ ಇಲ್ಲದ ಕೋಣೆಯಲ್ಲಿ ಗಾಬರಿಯಾಗಿ ನಿಂತಿದ್ದರೆ, ಅವನು ಯಾರ ಮುಂದೆ ನಾಟಕವಾಡಿದ? ನಮ್ಮ ಮುಂದೆಯಾ? ಹಳೆಯ ಸುಳಿವುಗಳಿಗೆ ದಿಕ್ಕಿಲ್ಲ, ಹೊಸದಕ್ಕೆ ಬೇರಿಲ್ಲ, ಒಂದೇ ಕಂತಿನಲ್ಲಿ ಎಲ್ಲ ತೇಪೆ ಹಾಕಬೇಕು. ಯಾರೋ ಊಹಿಸಿದರು ಅಂದರೆ ಸುಳಿವು ಕೆಲಸ ಮಾಡಿದೆ ಅಂತ ಅರ್ಥ. ಊಹಿಸಿದವರು ತಾವೇ ಸರಿ ಅಂತ ಬೀಗಲು ಮುಂದಿನ ವಾರವೂ ಬಂದು ಕೂರುತ್ತಾರೆ. ಇದನ್ನು ಅಲ್ಲಿ ಹೇಳಲು ಧೈರ್ಯ ಬೇಕು, ಬಾಗಿಲು ಬಡಿಯುವಷ್ಟು ಧೈರ್ಯ ನಿನಗಿದೆ.

ಆಕಸ್ಮಿಕವಾಗಿ ಬಂದಿದ್ದು ಬೇರೆ, ಅದನ್ನು ಬಿಡಬೇಡ. ಫ್ರಾಂಕ್ ಸಿಲ್ವಾ ಸೆಟ್ಟಿನಲ್ಲಿ ಪೀಠೋಪಕರಣ ಜೋಡಿಸುತ್ತಿದ್ದವರು, ಕನ್ನಡಿಯಲ್ಲಿ ಅವರ ಬಿಂಬ ಬಿದ್ದಿದ್ದನ್ನು ಲಿಂಚ್ ಉಳಿಸಿಕೊಂಡರು. ನಟಿ ಶೆರಿಲ್ ಲೀ ಲಾರಾಳ ಹೆಣವಾಗಿ ಮಲಗಲು ಬಂದವಳು, ಅವಳಿಗಾಗಿ ಮ್ಯಾಡಿ ಹುಟ್ಟಿದಳು. ಇವು ಶುರುವಿನಲ್ಲೇ ಸೇರಿದ್ದರಿಂದ ಬೇರು ಬಿಟ್ಟವು. ಆರನೇ ಕಂತಿನ ಮೇಲೆ ಇಂಥದ್ದು ಬಂದರೆ ನಮಸ್ಕಾರ ಹೇಳಿ ಕಳಿಸು.

ಮತ್ತೆ ಮ್ಯಾಡಿಗೇ ಬಂದೆ ನೋಡು. ನೀನು ಊಟದ ಮೇಜಿನ ಮೇಲೆ ನಾಳೆ ಹೊರಡುತ್ತೇನೆ ಅಂದಾಗ ನಾನು ಒಂದೂ ಒಳ್ಳೆಯ ಮಾತಾಡದೆ ನೇರ ಏಳನೇ ಕಂತಿಗೆ ಹಾರಿದೆ ಅಂತ ನಿನಗೆ ಅನ್ನಿಸಿರಬಹುದು. ಇಷ್ಟು ಚಿಕ್ಕ ವಯಸ್ಸಿಗೆ ಕೊನೆಯ ಹಿಂದಿನ ಕಂತನ್ನು ನಂಬಿ ಯಾರೂ ಸುಮ್ಮನೆ ಕೊಡುವುದಿಲ್ಲ, ಅದು ನನಗೆ ಗೊತ್ತು. ಗೊತ್ತಿರುವುದಕ್ಕೇ ಜಗಳವಾಡಿದ್ದು.

ಡ್ರಾಫ್ಟ್ ನನಗೆ ಕಳಿಸಬೇಡ. ಕರಾರಿನಲ್ಲಿ ಗುಟ್ಟಿನ ಷರತ್ತು ಇರುತ್ತದೆ, ಮನೆಯವರಿಗೂ ಅನ್ವಯಿಸುತ್ತದೆ, ಸಹಿ ಹಾಕುವ ಮುಂಚೆ ಆ ಪುಟ ಓದು. ಪ್ರಸಾರವಾದ ದಿನ ನೋಡುತ್ತೇನೆ. ನಾಲ್ಕನೇ ಕಂತಿಗೇ ಊಹಿಸಿದರೂ ನಿನಗೆ ಮೆಸೇಜ್ ಮಾಡುವುದಿಲ್ಲ. ಏಳನೆಯದು ಮುಗಿದ ಮೇಲೆ ಮಾತ್ರ ಫೋನ್ ಮಾಡುತ್ತೇನೆ, ಎಷ್ಟು ಹೊತ್ತಾದರೂ ಎತ್ತು.

ಅಮ್ಮ