ಮೊಣಕಾಲು ಆಪರೇಷನ್: ಫಲಿತಾಂಶದ ಲೆಕ್ಕ ಇಡುವವರು ಯಾರು?

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ಮೊಣಕಾಲು ನೋವಿನ ಉಚಿತ ತಪಾಸಣಾ ಶಿಬಿರಗಳು ಈಗ ಮಾಮೂಲಾಗಿವೆ. ಊರಿನ ಆಸ್ಪತ್ರೆಗಳ ಜೊತೆಗೆ ಸೊಲ್ಲಾಪುರ, ಹೈದರಾಬಾದ್ ಕಡೆಯವರೂ ಬರುತ್ತಾರೆ. ಎಕ್ಸ್‌ರೇ ತೆಗೆಯುತ್ತಾರೆ, ‘ಕೀಲು ಸವೆದಿದೆ, ಬದಲಾಯಿಸಬೇಕು’ ಎನ್ನುತ್ತಾರೆ, ದಿನಾಂಕ ಕೊಟ್ಟು ಹೋಗುತ್ತಾರೆ. ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸಿ ನಡೆಸುವ ಫಿಸಿಯೊಥೆರಪಿಸ್ಟ್ ನಾನು. ಸರಿಯಾದ ರೋಗಿಗೆ ಸರಿಯಾಗಿ ಮಾಡಿದ ಕೀಲು ಬದಲಾವಣೆ ಬದುಕನ್ನೇ ಮರಳಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಯಾವ ಆಪರೇಷನ್, ಅದೇ ಏಕೆ, ಆಮೇಲೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ತಿಳಿದುಕೊಂಡು ಟೇಬಲ್ ಏರುವವರು ನಮ್ಮಲ್ಲಿ ತೀರಾ ಕಡಿಮೆ.

ಮೊಣಕಾಲಿನಲ್ಲಿ ಮೂರು ಭಾಗಗಳಿವೆ: ಒಳಮಗ್ಗುಲು, ಹೊರಮಗ್ಗುಲು ಮತ್ತು ಚಿಪ್ಪಿನ ಹಿಂಬದಿ. ನಮ್ಮ ಕಡೆಯ ಎಷ್ಟೋ ಹಿರಿಯ ಹೆಂಗಸರ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತದೆ. ಅಂಥವರಲ್ಲಿ ಹೆಚ್ಚು ಸವೆಯುವುದು ಒಳಮಗ್ಗುಲು. ಉಳಿದೆರಡು ಭಾಗ ಗಟ್ಟಿಯಾಗಿದ್ದು, ಕೀಲಿನ ನಡುವೆ ಮೂಳೆಗಳನ್ನು ಬಿಗಿಹಿಡಿಯುವ ಅಸ್ಥಿರಜ್ಜುಗಳು (ಲಿಗಮೆಂಟ್) ಹರಿಯದೆ ಇದ್ದು, ಬಾಗಿದ ಕಾಲು ಕೈಯಿಂದ ಒತ್ತಿದರೆ ನೇರವಾಗುವಂತಿದ್ದರೆ ಸವೆದ ಭಾಗವನ್ನಷ್ಟೇ ಬದಲಾಯಿಸಬಹುದು. ಇದೇ ಭಾಗಶಃ ಮೊಣಕಾಲು ಬದಲಾವಣೆ. ಶಿಬಿರಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ, ಹೀಗೊಂದು ದಾರಿ ಇದೆ ಎಂದು ಕೇಳಿದವರೇ ಸಿಗುವುದಿಲ್ಲ.

ಇದರ ಫಲಿತಾಂಶ ಹೇಗಿದೆ? 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ‘ಟಾಪ್‌ಕ್ಯಾಟ್’ ಅಧ್ಯಯನದಲ್ಲಿ 528 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಭಾಗಶಃ, ಇನ್ನೊಂದಕ್ಕೆ ಪೂರ್ಣ ಬದಲಾವಣೆ ಮಾಡಿ ಐದು ವರ್ಷ ಗಮನಿಸಿದರು. ನೋವು, ನಡಿಗೆಯ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮರು ಆಪರೇಷನ್ನಿನಲ್ಲೂ ದೊಡ್ಡ ಅಂತರವಿರಲಿಲ್ಲ. ಒಟ್ಟು ಖರ್ಚು ಭಾಗಶಃ ಬದಲಾವಣೆಯಲ್ಲೇ ಕಡಿಮೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ 2014ರ ಇನ್ನೊಂದು ಅಧ್ಯಯನ, ಭಾಗಶಃ ಬದಲಾವಣೆಯಾದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಕಡಿಮೆ ಎಂದು ತೋರಿಸಿತು.

ಹಾಗೆಂದು ಎಲ್ಲರೂ ಇದನ್ನೇ ಮಾಡಿಸಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಅದೇ 2014ರ ಅಧ್ಯಯನದಲ್ಲಿ, ಎಂಟು ವರ್ಷದೊಳಗೆ ಮತ್ತೆ ಕೀಲು ಬದಲಾಯಿಸಿಕೊಳ್ಳಬೇಕಾಗಿ ಬಂದ ಪ್ರಮಾಣ ಭಾಗಶಃ ಬದಲಾವಣೆಯಾದವರಲ್ಲಿ ಸುಮಾರು ಎರಡು ಪಟ್ಟು. 2019ರ ಮತ್ತೊಂದು ವಿಶ್ಲೇಷಣೆಯಂತೆ 25 ವರ್ಷ ಬಾಳುವುದು ಪೂರ್ಣ ಕೀಲುಗಳಲ್ಲಿ ಶೇ 82ರಷ್ಟು, ಭಾಗಶಃ ಕೀಲುಗಳಲ್ಲಿ ಶೇ 70ರಷ್ಟು. ಭಾಗಶಃ ಕೀಲನ್ನು ಮುಂದೆ ಪೂರ್ಣ ಕೀಲಾಗಿ ಬದಲಾಯಿಸುವುದು ಹೋಲಿಕೆಯಲ್ಲಿ ಸುಲಭ, ಹಾಗಾಗಿ ವೈದ್ಯರು ಅದಕ್ಕೆ ಬೇಗ ಮುಂದಾಗುತ್ತಾರೆ ಎಂಬುದೂ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಕೈಯ ಅನುಭವ. ಅಪರೂಪಕ್ಕೊಮ್ಮೆ ಭಾಗಶಃ ಬದಲಾವಣೆ ಮಾಡುವವರ ಫಲಿತಾಂಶ, ಅದನ್ನು ನಿಯಮಿತವಾಗಿ ಮಾಡುವವರಿಗಿಂತ ಕೆಟ್ಟದಾಗಿರುತ್ತದೆ ಎಂಬುದು ಬ್ರಿಟನ್ನಿನ ದಾಖಲೆಗಳಿಂದಲೇ ಗೊತ್ತಾಗಿದೆ. ಆದ್ದರಿಂದ ‘ಡಾಕ್ಟರೇ, ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ?’ ಎಂದು ರೋಗಿ ಕೇಳಿದರೆ ಅದನ್ನು ಉದ್ಧಟತನವೆಂದು ಯಾರೂ ಭಾವಿಸಬಾರದು.

ದುರ್ಬೀನಿನ ಆಪರೇಷನ್, ಅಂದರೆ ಆರ್ಥ್ರೋಸ್ಕೋಪಿಯ ಬಗ್ಗೆಯೂ ಹೇಳಲೇಬೇಕು. ಎರಡು ಸಣ್ಣ ರಂಧ್ರ ಮಾಡಿ ಒಳಗೆ ತೊಳೆದು ಸ್ವಚ್ಛ ಮಾಡುತ್ತಾರೆ ಎಂದರೆ ಜನ ಕೂಡಲೇ ಒಪ್ಪಿಕೊಳ್ಳುತ್ತಾರೆ. ವಯಸ್ಸಿನಿಂದ ಸವೆದ ಮೊಣಕಾಲಿಗೆ ಇದರಿಂದ ಪ್ರಯೋಜನವಿಲ್ಲ ಎಂದು 2002ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಅಲ್ಲಿ ಕೆಲವರಿಗೆ ನಿಜವಾದ ಆಪರೇಷನ್ ಮಾಡಿ, ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದಿದ್ದರು. ಎರಡು ವರ್ಷ ಕಳೆದರೂ ಇಬ್ಬರ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯ ಮಾರ್ಗಸೂಚಿ ಸವೆತದ ಮೊಣಕಾಲಿಗೆ ಇದು ಬೇಡವೆಂದು ಖಡಾಖಂಡಿತವಾಗಿ ಹೇಳಿತು. ಆಟವಾಡುವಾಗ ಪೆಟ್ಟು ಬಿದ್ದು ಅಸ್ಥಿರಜ್ಜು ಹರಿದುಕೊಂಡ ಯುವಕರ ಮಾತು ಬೇರೆ. ಅರವತ್ತು ದಾಟಿದ ಬಡವರು ಸಾಲ ಮಾಡಿ ಇದನ್ನು ಮಾಡಿಸಿಕೊಂಡು, ವರ್ಷದೊಳಗೆ ಅದೇ ನೋವು ಹೊತ್ತು ಬರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಆಳಂದ ತಾಲ್ಲೂಕಿನ ಒಬ್ಬ ಅಜ್ಜಿ ಪೂರ್ಣ ಕೀಲು ಬದಲಾವಣೆಯ ನಂತರ ನನ್ನಲ್ಲಿಗೆ ಬಂದಿದ್ದರು. ಗಾಯ ಚೆನ್ನಾಗಿ ಮಾಗಿತ್ತು, ರಾತ್ರಿ ನಿದ್ದೆಗೆಡಿಸುತ್ತಿದ್ದ ನೋವು ಹೋಗಿತ್ತು, ಕಾಲು ತೊಂಬತ್ತು ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಮಡಚುತ್ತಿತ್ತು. ವೈದ್ಯರ ಲೆಕ್ಕದಲ್ಲಿ ಅದು ಯಶಸ್ಸು. ಅಜ್ಜಿ ಮಾತ್ರ ಅಳುತ್ತಿದ್ದರು. ‘ತಮ್ಮಾ, ಇನ್ನು ನೆಲಕ್ಕೆ ಕೂರುವಂತಿಲ್ಲ ಎಂದು ಮೊದಲೇ ಯಾರೂ ಹೇಳಲಿಲ್ಲವಲ್ಲ. ರೊಟ್ಟಿ ಬಡಿಯುವುದು ಹೇಗೆ, ಹೊಲದಲ್ಲಿ ಕಸ ತೆಗೆಯುವುದು ಹೇಗೆ?’ ಎಂದರು. ಕೈಯಲ್ಲಿದ್ದ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿತ್ತು. ಯಾವ ಕಂಪನಿಯ ಕೀಲು, ಯಾವ ಅಳತೆ ಎಂಬುದು ಅದರಲ್ಲಿ ಇರಲೇ ಇಲ್ಲ. ಒಲೆಯ ಕಟ್ಟೆಯನ್ನು ಎತ್ತರಿಸಿಕೊಳ್ಳಿ, ನಿಂತು ಬಡಿಯಿರಿ ಎಂದು ಮಗನಿಗೂ ಅವರಿಗೂ ಹೇಳಿಕೊಟ್ಟೆ. ಆದರೆ ಈ ಮಾತು ಆಪರೇಷನ್ನಿಗೆ ಮೊದಲು ಆಗಬೇಕಿತ್ತು. ಪೂರ್ಣ ಬದಲಾವಣೆಯಾದವರಲ್ಲಿ ಐವರಲ್ಲಿ ಒಬ್ಬರಿಗೆ ತೃಪ್ತಿ ಇರುವುದಿಲ್ಲ ಎಂದು ವಿದೇಶಗಳ ಸಮೀಕ್ಷೆಗಳು ಹೇಳುತ್ತವೆ. ನೆಲದ ಮೇಲೇ ಬದುಕು ನಡೆಸುವ ನಮ್ಮ ಹಳ್ಳಿಗಳಲ್ಲಿ ಆ ಲೆಕ್ಕ ಎಷ್ಟಾದೀತು?

ನಮ್ಮಲ್ಲಿ ಅದನ್ನು ಎಣಿಸುವ ವ್ಯವಸ್ಥೆಯೇ ಇಲ್ಲ. ಸ್ವೀಡನ್ 1975ರಿಂದ ಪ್ರತಿ ಮೊಣಕಾಲು ಬದಲಾವಣೆಯ ದಾಖಲೆ ಇಡುತ್ತಿದೆ. ಇಂಗ್ಲೆಂಡ್ 2003ರಲ್ಲಿ ಆರಂಭಿಸಿತು. ಯಾವ ಕೀಲು ಬೇಗ ಸಡಿಲವಾಗುತ್ತದೆ, ಯಾವ ಆಸ್ಪತ್ರೆಯಲ್ಲಿ ಮರು ಆಪರೇಷನ್ ಹೆಚ್ಚು ಎಂಬುದು ಅಲ್ಲಿ ಗೊತ್ತಾಗುತ್ತದೆ. ಭಾರತದಲ್ಲಿ ಕೀಲು ಶಸ್ತ್ರಚಿಕಿತ್ಸಕರ ಸಂಘ ದಾಖಲೆ ಇಡುತ್ತಿದ್ದರೂ ಅದು ಇಷ್ಟಪಟ್ಟವರು ಕೊಡುವ ಮಾಹಿತಿ ಮಾತ್ರ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಮತ್ತು ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಒಟ್ಟಾಗಿ ಈ ಮೂರು ಜಿಲ್ಲೆಗಳ ಮಟ್ಟಿಗಾದರೂ ಒಂದು ದಾಖಲೆ ಆರಂಭಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ದೊಡ್ಡ ಖರ್ಚೇನಲ್ಲ. ಖಾಸಗಿ ಆಸ್ಪತ್ರೆಗಳೂ ಅದಕ್ಕೆ ಮಾಹಿತಿ ಕೊಡಲೇಬೇಕೆಂದು ಸರ್ಕಾರ ಕಟ್ಟುನಿಟ್ಟು ಮಾಡಲಿ. ಆಪರೇಷನ್ನಿನ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅಗತ್ಯವಿರುವವರಿಗೆ ಉರ್ದು, ಮರಾಠಿ, ತೆಲುಗಿನಲ್ಲೂ ಇರಲಿ.

ಓದುಗರಲ್ಲಿ ಒಂದು ವಿನಂತಿ. ಕೃತಕ ಮೊಣಕಾಲುಗಳಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿತು. ಬಿಲ್ಲಿನಲ್ಲಿ ಕೀಲಿನ ಬೆಲೆ, ಕಂಪನಿಯ ಹೆಸರು, ಬ್ಯಾಚ್ ಸಂಖ್ಯೆಯನ್ನು ಪ್ರತ್ಯೇಕವಾಗಿ ತೋರಿಸಬೇಕೆಂದೂ ಅದೇ ಆದೇಶ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ, ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನೂ ತೆಗೆದಿಟ್ಟುಕೊಳ್ಳಿ. ಹತ್ತು ವರ್ಷದ ನಂತರ ಮತ್ತೆ ಆಪರೇಷನ್ ಬೇಕಾದರೆ ವೈದ್ಯರು ಮೊದಲು ಕೇಳುವ ಸಂಗತಿಗಳಲ್ಲಿ ಅದೂ ಒಂದು. ಪತ್ರಿಕೆಯವರಲ್ಲಿಯೂ ಒಂದು ಕೋರಿಕೆ: ಶಿಬಿರದ ಸುದ್ದಿ ಪ್ರಕಟಿಸುವಾಗ, ಕಳೆದ ವರ್ಷ ತಾವು ಆಪರೇಷನ್ ಮಾಡಿದವರು ಈಗ ಹೇಗಿದ್ದಾರೆ ಎಂದು ಸಂಘಟಕರನ್ನು ಕೇಳಿ, ಆ ಉತ್ತರವನ್ನೂ ಪ್ರಕಟಿಸಿ.

ಇತಿ,
ಒಬ್ಬ ಫಿಸಿಯೊಥೆರಪಿಸ್ಟ್, ಕಲಬುರಗಿ