ಪೇಪರ್ ಇಲ್ಲ ಅಂತ ಹೆದರಿದವನಿಗೆ

ಪಾಷಾಣ, ಪುಣೆ

ಚಿ. ಸುಹಾಸನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮೆಸ್ ಊಟ, ಮುಂಬೈ ಮಾಟುಂಗದ ಮಳೆ, ಅಕ್ಕನ ಮಂಡಿನೋವು ಎಲ್ಲ ಗೊತ್ತಿದ್ದದ್ದೇ. ಅದರ ಬಗ್ಗೆ ಬರೆಯೋದಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ನನ್ನ ಹತ್ತಿರ ಒಂದೂ ಕಾನ್ಫರೆನ್ಸ್ ಪೇಪರ್ ಇಲ್ಲ, ತಡವಾಯ್ತು ಚಿಕ್ಕಮ್ಮ, ಪಿಎಚ್‌ಡಿಗೆ ನನ್ನ ಅರ್ಜಿ ಯಾರೂ ತೆಗೆದೂ ನೋಡೋದಿಲ್ಲ" ಅಂತ. ಅದೊಂದು ತಲೆಯಲ್ಲಿ ಕೂತುಬಿಟ್ಟಿದೆ. ಎಂ.ಎಸ್‌ಸಿ. ಇನ್ನೂ ಮುಗಿಯದ ಹುಡುಗ ತಡವಾಯ್ತು ಅಂತಾನಲ್ಲ ಅಂತ ಮೊದಲು ಸಿಟ್ಟು ಬಂತು. ಆಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಈ ಹೆದರಿಕೆ ನಿನಗೆ ಎಲ್ಲಿಂದ ಅಂಟಿಕೊಂಡಿತು ಅನ್ನೋದು ಪತ್ರದಲ್ಲೇ ಇದೆ. ನಿನ್ನ ರೂಮಿನ ಹುಡುಗನಿಗೆ ಎರಡು ಪೇಪರ್ ಇವೆ ಅಂದೆ. ಅವನು ಕಂಪ್ಯೂಟರ್ ಸೈನ್ಸ್ ಅಲ್ವಾ? ಅವರ ಲೋಕವೇ ಬೇರೆ ಕಣೋ. ಅಲ್ಲಿ ಕಾನ್ಫರೆನ್ಸೇ ಮುಖ್ಯ. ನ್ಯೂರಿಪ್ಸ್ ಅನ್ನೋ ಅವರ ದೊಡ್ಡ ಕಾನ್ಫರೆನ್ಸಿನಂಥ ಕಡೆಗೆ ಪೂರ್ತಿ ಪೇಪರ್, ಅಂದರೆ ಇಡೀ ಸಂಶೋಧನಾ ಲೇಖನ, ಕಳಿಸಬೇಕು, ಮೂರು ನಾಲ್ಕು ಜನ ಓದಿ ತಪ್ಪು ಹುಡುಕುತ್ತಾರೆ, ನಾಲ್ಕರಲ್ಲಿ ಒಂದು ದಾಟಿದರೆ ಹೆಚ್ಚು. ನಮ್ಮ ಕೆಮಿಸ್ಟ್ರಿಯಲ್ಲಿ ಹಾಗಲ್ಲ. ಒಂದು ಪುಟದ ಸಾರಾಂಶ ಕಳಿಸುತ್ತೀರಿ, ಪೋಸ್ಟರ್ ಹಾಕುತ್ತೀರಿ, ಚಹಾ ಹೊತ್ತಿನಲ್ಲಿ ಯಾರೋ ಬಂದು ನಾಲ್ಕು ಪ್ರಶ್ನೆ ಕೇಳುತ್ತಾರೆ. ಲೆಕ್ಕಕ್ಕೆ ಬರೋದು ಜರ್ನಲ್‌ನಲ್ಲಿ, ಅಂದರೆ ಸಂಶೋಧನಾ ಪತ್ರಿಕೆಯಲ್ಲಿ, ಬಂದದ್ದು. ಅದು ಎಂ.ಎಸ್‌ಸಿ. ಹುಡುಗರ ಹತ್ತಿರ ಸಾಮಾನ್ಯವಾಗಿ ಇರೋದಿಲ್ಲ. ಇರೋದಿಲ್ಲ ಅಂತ ಅರ್ಜಿ ಓದುವವರಿಗೂ ಗೊತ್ತು. ಬೇರೆಯವರ ಭಯ ತಂದು ನೀನು ಹೊತ್ತುಕೊಂಡಿದ್ದೀಯ.

ಇನ್ನು ಒಂಬತ್ತು ಸಾವಿರ ರೂಪಾಯಿ ಕಟ್ಟಿ ಪೇಪರ್ ಕಳಿಸ್ತೀನಿ ಅಂತ ನೀನು ಬರೆದಿರೋ ಆ ಕಾನ್ಫರೆನ್ಸ್. ದುಡ್ಡು ಕಟ್ಟಿಬಿಟ್ಟಿಲ್ಲ ತಾನೆ? ಒಂದೇ ಹೋಟೆಲಿನಲ್ಲಿ ಒಂದೇ ದಿನ ಎಂಜಿನಿಯರಿಂಗ್, ಔಷಧ, ಮ್ಯಾನೇಜ್‌ಮೆಂಟ್, ಸಮಾಜ ವಿಜ್ಞಾನ ಎಲ್ಲ ಇದೆ ಅಂದರೆ ಅಲ್ಲಿ ನಿನ್ನ ಪೇಪರ್ ಓದುವವರು ಯಾರು? ಮೂರು ದಿನದಲ್ಲಿ ಒಪ್ಪಿಗೆ ಬರುತ್ತೆ ಅಂತ ಅವರೇ ಹೇಳಿದ್ದಾರೆ. ಓದಿದ್ದರೆ ಮೂರು ದಿನ ಸಾಲದು. 2005ರಲ್ಲಿ ಎಂಐಟಿಯ ಮೂವರು ಹುಡುಗರು ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದು, ಅದರಿಂದ ಅರ್ಥವೇ ಇಲ್ಲದ ಪೇಪರ್ ತಯಾರಿಸಿ ಇಂಥದ್ದೊಂದು ಕಾನ್ಫರೆನ್ಸಿಗೆ ಕಳಿಸಿದರು. ಒಪ್ಪಿಗೆ ಬಂತು! ಆ ಕಥೆ ಸಂಶೋಧನೆಯಲ್ಲಿರುವ ಎಷ್ಟೋ ಜನರಿಗೆ ಗೊತ್ತು. ಅವರೇ ನಾಳೆ ನಿನ್ನ ಸಂದರ್ಶನದಲ್ಲಿ ಎದುರಿಗೆ ಕೂರುವವರು. ಅಂಥ ಸರ್ಟಿಫಿಕೇಟ್ ಅರ್ಜಿಯಲ್ಲಿದ್ದರೆ ಸುಮ್ನೆ ಅನುಮಾನಕ್ಕೆ ದಾರಿ.

ಹಾಗಂತ ಕಾನ್ಫರೆನ್ಸೇ ಬೇಡ ಅಂತ ನಾನು ಹೇಳಿದೆ ಅಂದುಕೋಬೇಡ. ನಮ್ಮ ದೇಶದ ಕೆಮಿಸ್ಟ್ರಿ ಸಂಶೋಧಕರ ಸಂಘ ಸಿಆರ್‌ಎಸ್‌ಐ ಅಂಥವರು ನಡೆಸುವ ಸಿಂಪೋಸಿಯಂನಲ್ಲಿ ಪೋಸ್ಟರ್ ಹಾಕಲು ಅವಕಾಶ ಸಿಕ್ಕರೆ ಹೋಗು. ಕಾಗದಕ್ಕಾಗಿ ಅಲ್ಲ. ಪೋಸ್ಟರ್ ಮುಂದೆ ನಿಂತು ಉತ್ತರ ಹೇಳೋದು ಸಂದರ್ಶನಕ್ಕಿಂತ ಕಷ್ಟ, ಅದಕ್ಕೆ.

ನಾನು ಪಿಎಚ್‌ಡಿ ಮಾಡಿದವಳಲ್ಲ, ವಸ್ತುವಿನ ಅಣುರಚನೆ ಪತ್ತೆಮಾಡುವ ಎನ್‌ಎಂಆರ್ ಯಂತ್ರ ನೋಡಿಕೊಂಡವಳು. ನನ್ನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡು. ಆದರೆ ಆ ಯಂತ್ರದ ಪಕ್ಕ ಕೂತವಳಿಗೆ ಹುಡುಗರು ಎಂಥವರು ಅಂತ ತಿಳಿಯುತ್ತದಪ್ಪ. ಕೊಲ್ಹಾಪುರ ಕಡೆಯ ಒಬ್ಬಳು ಹುಡುಗಿ ನಮ್ಮಲ್ಲಿಗೆ ಪ್ರಾಜೆಕ್ಟಿಗೆ ಬಂದಿದ್ದಳು. ಪೇಪರ್ ಇಲ್ಲ, ಪೋಸ್ಟರ್ ಇಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಅವಳ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಆ ಯಂತ್ರ ಕೊಡುವ ಗೆರೆಗಳ ಚಿತ್ರದಲ್ಲಿ, 2.17 ಅನ್ನೋ ಗುರುತಿನ ಹತ್ತಿರ ಒಂದು ಗೆರೆ ಬರುತ್ತಿತ್ತು. ಅವಳ ವಸ್ತುವಿನಲ್ಲಿ ಆ ಜಾಗದಲ್ಲಿ ಗೆರೆ ಬರಬಾರದು. ಜೊತೆಯವರು ಚಿತ್ರದಲ್ಲಿ ಆ ಭಾಗ ಕತ್ತರಿಸಿ ಹಾಕು ಅಂದರು. ಇವಳು ಕೇಳಲಿಲ್ಲ. ಟ್ಯೂಬ್ ತೊಳೆದ ಅಸಿಟೋನ್ ಪೂರ್ತಿ ಆರಿಲ್ಲ ಅಂತ ಅವಳ ಗುಮಾನಿ. ವಸ್ತು ಬಿಟ್ಟು, ಅದನ್ನು ಕರಗಿಸುವ ಸಾಲ್ವೆಂಟ್ ಮಾತ್ರ ಹಾಕಿ ಓಡಿಸಿ ನೋಡಿದಳು, ಅದೇ ಗೆರೆ. ಟ್ಯೂಬ್‌ಗಳನ್ನು ಚೆನ್ನಾಗಿ ಒಣಗಿಸಿ ಮತ್ತೆ ಓಡಿಸಿದಳು, ಗೆರೆ ಮಾಯ. ಎಲ್ಲವನ್ನೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಅವಳ ಗೈಡ್ ಶಿಫಾರಸು ಪತ್ರದಲ್ಲಿ ಬರೆದದ್ದು ಇದನ್ನೇ, ನನಗೆ ಅವರೇ ಹೇಳಿದರು. ಅಮೆರಿಕದಲ್ಲಿ ಸೀಟು ಸಿಕ್ಕಿತು, ಸ್ಟೈಪೆಂಡ್ ಸಮೇತ.

ನಿನ್ನ ಗೈಡ್‌ಗೆ ನಿನ್ನ ಬಗ್ಗೆ ಇಂಥದ್ದೊಂದು ಗೊತ್ತಿದೆಯಾ? ಪೇಪರ್ ಇಲ್ಲ ಅನ್ನೋದಕ್ಕಿಂತ ನನಗೆ ಇದರ ಚಿಂತೆ ಜಾಸ್ತಿ.

ಮತ್ತೆ ಅಲ್ಲಿಗೇ ಬಂದೆ ನೋಡು. ತಡವಾಯ್ತು ಅಂತ ಯಾಕೆ ಬರೆದೆ ಮಗಾ? ಆ ಮಾತು ನನಗೆ ತಾಗಿದ್ದಕ್ಕೆ ಕಾರಣ ಇದೆ. ಅಕ್ಕನಿಗೂ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿ ಕೆಲವು ವರ್ಷ ಆದಮೇಲೆ ವಿಭಾಗದ ಹಿರಿಯರೊಬ್ಬರು ಕರೆದು, "ಇಲ್ಲಿಂದಲೇ ಪಿಎಚ್‌ಡಿಗೆ ರಿಜಿಸ್ಟರ್ ಮಾಡಿಸಮ್ಮ, ನಾನು ಗೈಡ್ ಆಗ್ತೀನಿ" ಅಂದರು. ನನಗಿನ್ನೂ ಮೂವತ್ತು ತುಂಬಿರಲಿಲ್ಲ. ರಶ್ಮಿ ಆಗತಾನೆ ನಡೆಯಲು ಕಲಿತಿದ್ದಳು. ಧಾರವಾಡದಲ್ಲಿ ನನ್ನ ಜೊತೆ ಓದಿದವರು ಆಗಲೇ ಡಾಕ್ಟರ್ ಅನಿಸಿಕೊಂಡಿದ್ದರು. "ನನಗೆ ತಡವಾಯ್ತು ಸರ್" ಅಂದೆ. ಅವರು ಒತ್ತಾಯ ಮಾಡಲಿಲ್ಲ. ನಿನ್ನ ಚಿಕ್ಕಪ್ಪ ಒಳ್ಳೆಯವರೇ, ನಿನ್ನಿಷ್ಟ ಅಂದರು. ಇಷ್ಟೇ ಆದದ್ದು. ಆಮೇಲೆ ನಲವತ್ತರ ಹತ್ತಿರದ ಕಾಲೇಜು ಮೇಷ್ಟ್ರುಗಳು ರಜೆ ಹಾಕಿ ಬಂದು, ನನ್ನ ಯಂತ್ರದ ಮುಂದೆ ಸರದಿ ಕಾದು ಪಿಎಚ್‌ಡಿ ಮಾಡಿಕೊಂಡು ಹೋದರು. ಅವರಿಗೆ ಸ್ಪೆಕ್ಟ್ರಮ್ ಓದೋದು ಎಷ್ಟೋ ಸಲ ನಾನೇ ಹೇಳಿಕೊಟ್ಟಿದ್ದೇನೆ. ಅವತ್ತು ಯಾರಾದರೂ ನನಗೆ ಸರಿಯಾಗಿ ಬೈದಿದ್ದರೆ ಅಂತ ಈಗಲೂ ಅನಿಸುತ್ತೆ. ಹಾಗಾಗಿ ನಿನಗೆ ನಾನು ಬೈಯ್ಯುತ್ತಿದ್ದೇನೆ, ಬೇಜಾರು ಮಾಡಿಕೋಬೇಡ.

ಕೆಲಸಕ್ಕೆ ಬರುವ ಮಾತು ಒಂದೆರಡು ಹೇಳಿಬಿಡ್ತೀನಿ. ಇವು ನಿನಗೆ ಗೊತ್ತೇ ಇರಬಹುದು. ಅಮೆರಿಕದಲ್ಲಿ ಬಹಳ ಕಡೆ ಅರ್ಜಿಯ ಕೊನೆಯ ತಾರೀಖು ಡಿಸೆಂಬರ್‌ನಲ್ಲೇ ಬರುತ್ತೆ, ಮೂರು ಶಿಫಾರಸು ಪತ್ರ ಬೇಕು. ಗೈಡ್‌ಗೆ ಈಗಲೇ ಹೇಳು, ಕೊನೇ ವಾರ ಹೋಗಿ ನಿಲ್ಲಬೇಡ. ನೀನು ಏನೇನು ಮಾಡಿದೆ ಅಂತ ಒಂದು ಪುಟ ಬರೆದುಕೊಟ್ಟರೆ ಅವರಿಗೂ ನೆನಪಾಗುತ್ತೆ. ಎಷ್ಟೋ ಕೆಮಿಸ್ಟ್ರಿ ವಿಭಾಗಗಳು ಈಗ ಜಿಆರ್‌ಇ ಪರೀಕ್ಷೆ ಕೇಳೋದಿಲ್ಲ, ಒಂದೊಂದಾಗಿ ನೋಡು. ಅರ್ಜಿ ಶುಲ್ಕ ಮಾಫಿಗೂ ಕೇಳಬಹುದು, ನಾಚಿಕೆ ಬೇಡ. ಪೋಸ್ಟರ್ ಹಾಕಿದ್ದನ್ನು ಪೇಪರ್ ಅಂತ ಮಾತ್ರ ಬರೆಯಬೇಡ. ಇಲ್ಲಿಯ ಗೇಟ್, ನೆಟ್ ಪರೀಕ್ಷೆ ಬಿಡಬೇಡ. ಇಲ್ಲಿಯ ಸಂದರ್ಶನಗಳಲ್ಲಿ ಬಿ.ಎಸ್‌ಸಿ. ಪಾಠವನ್ನೇ ಕೇಳಿ ಬೆವರಿಳಿಸುತ್ತಾರೆ ಅಂತ ನಮ್ಮ ಹುಡುಗರು ಬಂದು ಹೇಳುತ್ತಿದ್ದರು. ಇಷ್ಟೇ ನನಗೆ ಹೊಳೆಯೋದು. ಇದಕ್ಕಿಂತ ಚೆನ್ನಾಗಿ ನಿನ್ನ ಸೀನಿಯರ್‌ಗಳು ಹೇಳಿಯಾರು.

ನಿನ್ನ ಹೆದರಿಕೆ ಈ ಪತ್ರದಿಂದ ಪೂರ್ತಿ ಹೋಗುತ್ತೆ ಅಂತ ನನಗೇನೂ ಭ್ರಮೆ ಇಲ್ಲ. ಶುಕ್ರವಾರ ಸಂಜೆ ಡೆಕ್ಕನ್ ಕ್ವೀನ್ ರೈಲು ಹತ್ತಿ ಬಂದುಬಿಡು, ಎರಡು ದಿನ ಇರು. ಲ್ಯಾಬ್ ನೋಟ್‌ಬುಕ್ ತಗೊಂಡು ಬಾ, ನೋಡಬೇಕು. ಆ ಕಾನ್ಫರೆನ್ಸಿನವರ ಇಮೇಲ್ ಇವತ್ತೇ ನನಗೆ ಕಳಿಸು, ಅಲ್ಲಿವರೆಗೆ ಒಂದು ರೂಪಾಯಿ ಕಟ್ಟಬೇಡ. ಆಗೋದಾದರೆ ಆ ರೂಮಿನ ಹುಡುಗನನ್ನೂ ಕರಕೊಂಡು ಬಾ. ಪಾಪ, ಅವನಿಗೆ ಇನ್ನೇನು ಹೆದರಿಕೆ ಇದೆಯೋ.

ನಿನ್ನ,
ಚಿಕ್ಕಮ್ಮ